ಸೌದೆ, ನೀರು, ಸಹಿ

1961ರ ಜನಗಣತಿಯ ಪ್ರಕಾರ ಭಾರತದಲ್ಲಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ. 1971ರ ಜನಗಣತಿಯಲ್ಲಿ ಈ ಸಂಖ್ಯೆ ಸುಮಾರು 3.1 ಕೋಟಿಗೆ ಇಳಿದಿದೆ. ಆ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಏರಿತ್ತು. ಹೊಸ ತಳಿಯ ಬೀಜ, ಗೊಬ್ಬರ, ಪಂಪ್‌ಸೆಟ್ಟು ಬಂದು ನಾಟಿ, ಕಳೆ, ಕೊಯ್ಲಿನ ಕೆಲಸವೂ ಹೆಚ್ಚಿತ್ತು. ಹಾಗಿರುವಾಗ ಎರಡೂಮುಕ್ಕಾಲು ಕೋಟಿ ಹೆಂಗಸರು ಕುಡುಗೋಲು ಕೆಳಗಿಟ್ಟು ಮನೆಗೆ ಹೋಗಿ ಕೂತುಬಿಟ್ಟರೇ?

ಕೂರಲಿಲ್ಲ. ಬದಲಾದದ್ದು ಹೆಚ್ಚಾಗಿ ಗಣತಿಯವರು ಕೇಳಿದ ಪ್ರಶ್ನೆ. 1961ರಲ್ಲಿ, ಬೇಸಾಯದಂಥ ಹಂಗಾಮಿನ ಕೆಲಸದಲ್ಲಿ ಹಂಗಾಮಿನ ಹೆಚ್ಚಿನ ಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೆಲಸ ಮಾಡಿದವರನ್ನೆಲ್ಲ ದುಡಿಯುವವರೆಂದು ಬರೆದುಕೊಂಡಿದ್ದರು. 1971ರಲ್ಲಿ ಮೊದಲು ಕೇಳಿದ್ದು 'ನಿಮ್ಮ ಮುಖ್ಯ ಚಟುವಟಿಕೆ ಏನು' ಎಂದು. ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ಕೊಟ್ಟಿಗೆ ಬಾಚಿ, ಆಮೇಲೆ ಹೊಲಕ್ಕೂ ಹೋಗುವ ಹೆಂಗಸಿನ ಮುಖ್ಯ ಚಟುವಟಿಕೆ 'ಮನೆಕೆಲಸ' ಎಂದಾಯಿತು. ಅಲ್ಲಿಗೆ ಅವಳು ದುಡಿಯುವವರ ಪಟ್ಟಿಯಿಂದ ಆಚೆ ಬಿದ್ದಳು. ಉತ್ತರ ಕೊಡುತ್ತಿದ್ದವರೂ ಸಾಮಾನ್ಯವಾಗಿ ಮನೆಯ ಗಂಡಸರೇ. ಹೆಂಗಸರನ್ನೇ ಕೇಳಿದ್ದರೂ ಉತ್ತರ ಬಹಳ ಬೇರೆ ಇರುತ್ತಿರಲಿಲ್ಲವೇನೋ. ನಮ್ಮಜ್ಜಿಯನ್ನು ಯಾರಾದರೂ ಏನು ಕೆಲಸ ಮಾಡ್ತೀರಿ ಎಂದು ಕೇಳಿದರೆ, "ಏನಿಲ್ಲ, ಮನೇಲೇ ಇರ್ತೀನಿ" ಎನ್ನುತ್ತಿದ್ದರು. ಆ 'ಏನಿಲ್ಲ'ದೊಳಗೆ ಎರಡು ಎಮ್ಮೆ, ರಾಗಿ ಹೊಲದ ಕಳೆ, ಹಿತ್ತಲಿನ ಅವರೆ ಚಪ್ಪರ ಎಲ್ಲವೂ ಇದ್ದವು.

ನಾನು ಸಂಶೋಧನೆಗೆ ಆಯ್ದುಕೊಂಡ ವಿಷಯ ಗ್ರಾಮಾಭಿವೃದ್ಧಿ ಯೋಜನೆಗಳಲ್ಲಿ ಮಹಿಳೆಯರ ಪಾತ್ರ. ಹಳೆಯ ವರದಿಗಳನ್ನು ತಿರುವುವಾಗ 'ಮಹಿಳೆಯರ ಪಾಲ್ಗೊಳ್ಳುವಿಕೆಯನ್ನು ಹೆಚ್ಚಿಸಬೇಕು' ಎಂಬ ಮಾತು ದಶಕದಿಂದ ದಶಕಕ್ಕೆ ಹಾಗೇ ದಾಟಿಕೊಂಡು ಬರುವುದನ್ನು ಕಾಣುತ್ತೇನೆ. ನನಗೆ ಈ ಮಾತಿನ ಮೇಲೇ ತಕರಾರು. ಹಳ್ಳಿಯಲ್ಲಿ ಯಾವ ಯೋಜನೆ ಬಂದರೂ ಅದರ ಕೆಲಸದಲ್ಲಿ ಹೆಂಗಸರ ಪಾಲು ಮೊದಲ ದಿನದಿಂದಲೂ ಇತ್ತು. ಇಲ್ಲದಿದ್ದದ್ದು ಎರಡು. ಆ ದುಡಿಮೆ ಎಲ್ಲಿಯೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಯಾವ ಕೆಲಸ ಮೊದಲು ಆಗಬೇಕು ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಶುರುವಿನಿಂದ ನೋಡೋಣ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ದೇಶದ 55 ಯೋಜನಾ ಪ್ರದೇಶಗಳಲ್ಲಿ ಆರಂಭವಾಯಿತು. ಮರುವರ್ಷ ಇದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ನಮ್ಮ ಹಳ್ಳಿಗಳ ಬಾಯಲ್ಲಿ ಕನ್ನಡವೇ ಆಗಿಹೋಗಿರುವ 'ಬ್ಲಾಕ್', 'ಬಿಡಿಓ' ಎಂಬ ಮಾತುಗಳು ಆ ಕಾಲದವು. ಒಂದು ಬ್ಲಾಕ್ ಎಂದರೆ ನೂರರ ಆಸುಪಾಸು ಹಳ್ಳಿಗಳು. ಅದಕ್ಕೆ ಮಂಜೂರಾಗಿದ್ದ ಸಿಬ್ಬಂದಿ ಹತ್ತು ಮಂದಿ ಗ್ರಾಮಸೇವಕರು, ಇಬ್ಬರು ಗ್ರಾಮಸೇವಿಕೆಯರು, ಒಬ್ಬ ಮುಖ್ಯಸೇವಿಕೆ. ಹತ್ತಕ್ಕೆ ಎರಡು ಎಂಬುದನ್ನು ಗಮನಿಸಿ. ಅದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅವರವರ ಕೆಲಸದ ಪಟ್ಟಿಯನ್ನು. ಗ್ರಾಮಸೇವಕನ ಪಾಲಿಗೆ ಬೀಜ, ಗೊಬ್ಬರ, ಸಾಲ, ಕೆರೆಗಾಲುವೆ. ಗ್ರಾಮಸೇವಿಕೆಯ ಪಾಲಿಗೆ ಮಹಿಳಾ ಮಂಡಳಿ, ಹೊಲಿಗೆ, ಕೈತೋಟ, ಪೌಷ್ಟಿಕ ಅಡುಗೆ, ಶಿಶುಪಾಲನೆ, ಹೊಗೆಯಿಲ್ಲದ ಒಲೆ. ಆಕೆಗೆ ತರಬೇತಿ ಸಿಗುತ್ತಿದ್ದದ್ದು ಗೃಹವಿಜ್ಞಾನ ವಿಭಾಗದಲ್ಲಿ.

ಇದರ ವಿಪರ್ಯಾಸ ಚೆನ್ನಾಗಿ ಕಾಣುವುದು ಭತ್ತದ ಗದ್ದೆಯಲ್ಲಿ. 1953ರಿಂದ ಸರ್ಕಾರ 'ಜಪಾನಿ ಪದ್ಧತಿ'ಯ ಭತ್ತದ ಬೇಸಾಯವನ್ನು ದೊಡ್ಡದಾಗಿ ಪ್ರಚಾರ ಮಾಡಿತು. ಏರು ಮಡಿಯಲ್ಲಿ ಸಸಿ ಬೆಳೆಸಬೇಕು, ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡಬೇಕು, ಸಾಲಿನ ನಡುವೆ ಕಳೆ ತೆಗೆಯಬೇಕು. ಇದನ್ನು ಗ್ರಾಮಸೇವಕರು ಕಲಿಸುತ್ತಿದ್ದದ್ದು ರೈತರಿಗೆ, ಅಂದರೆ ಗಂಡಸರಿಗೆ. ನಾಟಿ ಹಾಕುವವರು ಯಾರು, ಕಳೆ ಕೀಳುವವರು ಯಾರು ಎಂದು ಕರ್ನಾಟಕದ ಯಾವ ಹಳ್ಳಿಯ ಮಗುವಿಗೂ ಗೊತ್ತು. ಗದ್ದೆಯ ಪಾಠ ಗದ್ದೆಯ ಅಂಚಿನಲ್ಲಿ ನಿಂತವರಿಗೆ ಸಿಕ್ಕಿತು. ಕೆಸರಿನಲ್ಲಿ ಬಗ್ಗಿದವರಿಗೆ ಉಪ್ಪಿನಕಾಯಿ ಹಾಕುವ ಪಾಠ ಸಿಕ್ಕಿತು.

ಗ್ರಾಮಸೇವಿಕೆಯರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಐವತ್ತರ ದಶಕದಲ್ಲಿ ಪರವೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಊರಿಂದೂರಿಗೆ ನಡೆದೋ ಬಸ್ಸು ಹಿಡಿದೋ ಹೋಗಿ, ಜಗಲಿಯ ಗಂಡಸರ ಕಣ್ಣನ್ನು ದಾಟಿ ಅಡುಗೆಮನೆಯ ತನಕ ತಲುಪುವುದು ಸಣ್ಣ ಕೆಲಸವಲ್ಲ. ಹಳ್ಳಿಯ ಎಷ್ಟೋ ಹುಡುಗಿಯರು ಸರ್ಕಾರಿ ನೌಕರಿಯಲ್ಲಿರುವ ಹೆಣ್ಣನ್ನು ಮೊದಲು ಕಂಡದ್ದು ಶಾಲೆಯ ಮೇಡಮ್ಮು, ನರ್ಸಮ್ಮ ಮತ್ತು ಇವರ ರೂಪದಲ್ಲಿ. ತಪ್ಪು ಅವರದಲ್ಲ. ಕೆಲಸದ ಪಟ್ಟಿ ಬರೆದವರ ಕಣ್ಣಿಗೆ ಹಳ್ಳಿಯ ಹೆಂಗಸು ನಗರದ ಮಧ್ಯಮವರ್ಗದ ಗೃಹಿಣಿಯಂತೆ ಕಂಡಿದ್ದಳು.

ಆಡಳಿತದಲ್ಲೂ ಇದೇ ನೋಟ. ಪಂಚಾಯತಿ ವ್ಯವಸ್ಥೆಗೆ ರೂಪ ಕೊಟ್ಟ ಬಲವಂತರಾಯ್ ಮೆಹತಾ ಸಮಿತಿಯ 1957ರ ವರದಿ, ಹೆಂಗಸರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯಿರುವ ಇಬ್ಬರು ಮಹಿಳೆಯರನ್ನು ಪಂಚಾಯತಿ ಸಮಿತಿಗೆ ಸೇರಿಸಿಕೊಳ್ಳಬೇಕೆಂದಿತು. ಚುನಾಯಿಸುವುದಲ್ಲ, ಸೇರಿಸಿಕೊಳ್ಳುವುದು. ಇಪ್ಪತ್ತೊಂದು ವರ್ಷಗಳ ನಂತರ ಅಶೋಕ ಮೆಹತಾ ಸಮಿತಿ ಒಂದು ಹೆಜ್ಜೆ ಮುಂದೆ ಹೋಯಿತು: ಚುನಾವಣೆಗೆ ನಿಂತು ಗೆಲ್ಲದಿದ್ದರೂ ಹೆಚ್ಚು ಮತ ಪಡೆದ ಇಬ್ಬರು ಮಹಿಳೆಯರಿಗೆ ಸದಸ್ಯತ್ವ ಕೊಡಿ ಎಂದಿತು. ಸೋತವರಿಗೊಂದು ಕುರ್ಚಿ!

ಯೋಜನೆಗಳ ಇನ್ನೊಂದು ಅಡಿಗಲ್ಲು 'ಕುಟುಂಬ' ಎಂಬ ಘಟಕ. ಕುಟುಂಬಕ್ಕೊಬ್ಬ ಯಜಮಾನ, ಅವನಿಗೆ ತಲುಪಿದರೆ ಎಲ್ಲರಿಗೂ ತಲುಪಿದಂತೆ. ಕರ್ನಾಟಕದ ಭೂಸುಧಾರಣಾ ಕಾನೂನಿನಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ವಯಸ್ಸಿಗೆ ಬಾರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ವಯಸ್ಸಿಗೆ ಬಂದ ಮಗ ಬೇರೆಯೇ ಲೆಕ್ಕ; ವಯಸ್ಸಿಗೆ ಬಂದ ಮಗಳು ಮದುವೆಯಾಗುವವರೆಗೂ ಅಪ್ಪನ ಲೆಕ್ಕದೊಳಗೇ. ಎಪ್ಪತ್ತರ ದಶಕದ ನಡುವೆ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹಾಲು ಸಹಕಾರ ಸಂಘಗಳು ಬಂದಾಗಲೂ ಕಥೆ ಇದೇ. ಹುಲ್ಲು ಕೊಯ್ಯುವುದು, ಹಿಂಡಿ ಕಲಸುವುದು, ಸಗಣಿ ಎತ್ತುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರು. ಡೈರಿಗೆ ಹಾಲು ಹೊತ್ತು ತರುವವರಲ್ಲೂ ಅವರೇ ಹೆಚ್ಚು. ಸಂಘದ ಷೇರು, ಸದಸ್ಯತ್ವ, ವಾರದ ಬಟವಾಡೆ ಮಾತ್ರ ಯಜಮಾನನ ಹೆಸರಿಗೆ. ಮಹಿಳೆಯರದ್ದೇ ಹಾಲು ಸಂಘಗಳಿಗೆ ಒತ್ತು ಕೊಡುವ 'ಸ್ಟೆಪ್' ಯೋಜನೆ ಕೇಂದ್ರದಿಂದ ಬಂದದ್ದು 1986-87ರಲ್ಲಿ. ಎಮ್ಮೆಗೆ ಯಾರು ಹುಲ್ಲು ಹಾಕುತ್ತಾರೆಂದು ಎಮ್ಮೆಗೆ ಮೊದಲೇ ಗೊತ್ತಿತ್ತು, ಇಲಾಖೆಗೆ ಗೊತ್ತಾಗಲು ಅಷ್ಟು ಕಾಲ ಬೇಕಾಯಿತು.

ಎಪ್ಪತ್ತರ ದಶಕದಲ್ಲಿ ಈ ಮೌನ ಎರಡು ಕಡೆಯಿಂದ ಒಡೆಯಿತು. 1971ರಲ್ಲಿ ಸರ್ಕಾರ ನೇಮಿಸಿದ ಮಹಿಳಾ ಸ್ಥಾನಮಾನ ಸಮಿತಿ 1974ರ ಕೊನೆಗೆ 'ಸಮಾನತೆಯೆಡೆಗೆ' ಎಂಬ ವರದಿ ಕೊಟ್ಟಿತು. ಫೂಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. ಸ್ವಾತಂತ್ರ್ಯಾನಂತರದ ಅಭಿವೃದ್ಧಿ ಹೆಂಗಸರ ಪಾಲಿಗೆ ಎಷ್ಟೋ ಕಡೆ ಹಿನ್ನಡೆಯಾಗಿದೆ ಎಂದು ಆ ವರದಿ ಅಂಕಿಅಂಶ ಸಮೇತ ತೋರಿಸಿತು. ನಾನು ಆರಂಭದಲ್ಲಿ ಹೇಳಿದ ಜನಗಣತಿಯ ಇಳಿಕೆಯ ಚರ್ಚೆ ದೊಡ್ಡದಾದದ್ದೂ ಈ ವರದಿಯ ಸುತ್ತಮುತ್ತಲೇ. ಅದೇ ದಶಕದ ನಡುವೆ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮತ್ತು ಸಂಗಡಿಗರು ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬೇರೆಯದೇ ದಾರಿ ಹಿಡಿದರು. 'ಏನು ಕೆಲಸ' ಎಂದು ಕೇಳುವುದನ್ನು ಬಿಟ್ಟು ದಿನದ ಯಾವ ಹೊತ್ತು ಯಾವುದಕ್ಕೆ ಹೋಗುತ್ತದೆ ಎಂದು ಕೂತು ಬರೆದುಕೊಂಡರು. ಮಾತಿನಲ್ಲಿ 'ಏನಿಲ್ಲ' ಎಂದವರ ದಿನದಲ್ಲಿ ಬಿಡುವೇ ಇರಲಿಲ್ಲ.

ಇಂಥದ್ದೇ ಗಡಿಯಾರದ ಲೆಕ್ಕ ನಮ್ಮ ತುಮಕೂರು ಜಿಲ್ಲೆಯಲ್ಲೂ ನಡೆಯಿತು. ಅದನ್ನು ಮಾಡಿದವರು ಎಂಜಿನಿಯರುಗಳು, ವಿಜ್ಞಾನಿಗಳು. ಹೆಂಗಸರ ವಿಷಯ ಅವರ ಉದ್ದೇಶವೇ ಆಗಿರಲಿಲ್ಲ ಎಂಬುದರಿಂದಲೇ ಈ ಪ್ರಸಂಗ ನನಗೆ ಹೆಚ್ಚು ಕುತೂಹಲದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಅದರ ಗುರಿ. ಹಿಂದಿದ್ದವರು ಅಮೂಲ್ಯ ಕೆ.ಎನ್. ರೆಡ್ಡಿ, ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದವರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ಬಂತು. ಆ ಸುತ್ತಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆ ಹೇಗಿದೆ ಎಂದು ತಿಳಿಯಲು ಮನೆಮನೆಗೆ ಹೋಗಿ ಅಳೆದರು. ಅವುಗಳಲ್ಲಿ ಒಂದು ಪುರ, ಐವತ್ತು ಅರವತ್ತು ಮನೆಗಳ ಊರು.

ಶಕ್ತಿ ಎಂದರೆ ಆಗ ಯೋಜನಾ ಆಯೋಗದವರ ಬಾಯಲ್ಲಿ ಕಲ್ಲಿದ್ದಲು, ಡೀಸೆಲ್, ವಿದ್ಯುತ್ತು. ಪುರದಲ್ಲಿ ಅಳೆದಾಗ ಕಂಡದ್ದು ಸೌದೆ. ಊರಿನ ಶಕ್ತಿಯ ಬಹುದೊಡ್ಡ ಪಾಲು ಒಲೆಯಲ್ಲಿ ಉರಿಯುವ ಸೌದೆಯಿಂದಲೇ ಬರುತ್ತಿತ್ತು. ಅದರ ಜೊತೆಗೆ ಮನುಷ್ಯರ ಮೈಯ ಶಕ್ತಿ, ಎತ್ತುಗಳ ಶಕ್ತಿ. ಸೌದೆ ತರಲು ಒಂದು ಮನೆಗೆ ದಿನಕ್ಕೆ ಸುಮಾರು ಎರಡೂವರೆ ಗಂಟೆ, ಸುಮಾರು 5 ಕಿಲೋಮೀಟರ್ ನಡಿಗೆ. ನೀರಿಗೆ ಸುಮಾರು ಒಂದೂವರೆ ಗಂಟೆ. ಇದರ ಮೇಲೆ ಅಡುಗೆ. ಎಂಜಿನಿಯರುಗಳು ಶಕ್ತಿಯನ್ನು ಅಳೆಯಲು ಹೋಗಿ ಹೆಂಗಸರ, ಮಕ್ಕಳ ದಿನವನ್ನು ಅಳೆದು ಬಂದಿದ್ದರು. ಯಾವ ಜನಗಣತಿಯ ಕಾಲಮಿಗೂ ಸಿಗದಿದ್ದ ದುಡಿಮೆ, ಯಂತ್ರದ ಶಕ್ತಿ ಅಳೆಯುವ ಅದೇ ಮಾನಗಳಲ್ಲಿ ಲೆಕ್ಕಕ್ಕೆ ಬಂತು. ಎತ್ತಿನ ದುಡಿಮೆಯ ಪಕ್ಕದಲ್ಲಿ ಹೆಂಗಸಿನ ದುಡಿಮೆ. ಓದುವಾಗ ಸ್ವಲ್ಪ ಇರಿಸುಮುರಿಸಾಗುತ್ತದೆ. ಆದರೂ ಲೆಕ್ಕ ಲೆಕ್ಕವೇ.

ಇಷ್ಟು ತಿಳಿದ ಮೇಲೆ ಪರಿಹಾರ ಸ್ಪಷ್ಟ ಎನ್ನಿಸಿತು. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಸಮುದಾಯದ ಗೋಬರ್ ಗ್ಯಾಸ್ ಘಟಕ ಕಟ್ಟುವುದು, ಮನೆಮನೆಗೂ ಪೈಪಿನಲ್ಲಿ ಅಡುಗೆ ಅನಿಲ ಕೊಡುವುದು. ಸೌದೆಯ ನಡಿಗೆ ತಪ್ಪುತ್ತದೆ, ಹೊಗೆ ತಪ್ಪುತ್ತದೆ. ಘಟಕ ಕಟ್ಟಿದರು, ಪೈಪು ಎಳೆದರು, ಒಲೆ ಕೊಟ್ಟರು. ಯೋಜನೆ ನಿಲ್ಲಲಿಲ್ಲ. ಸಿಗುತ್ತಿದ್ದ ಸಗಣಿಯಿಂದ ಎಲ್ಲ ಮನೆಗಳ ಎರಡೂ ಹೊತ್ತಿನ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಗ್ಯಾಸ್ ಅರ್ಧಕ್ಕೆ ನಿಂತರೆ ಹೇಗೂ ಸೌದೆ ಒಲೆ ಹೊತ್ತಿಸಲೇಬೇಕು. ಸೌದೆ ಒಲೆ ಹೊತ್ತಿಸುವುದಾದರೆ ಸೌದೆ ತರಲೇಬೇಕು. ಹೆಂಗಸಿನ ದಿನದಲ್ಲಿ ಉಳಿದದ್ದೇನು? ಊರಿನವರ ಆಸಕ್ತಿ ಇಳಿಯಿತು. ಆಮೇಲೆ ವಿಜ್ಞಾನಿಗಳು ಅವರೊಂದಿಗೆ ಮಾತಾಡಿದಾಗ ಹೊರಬಂದ ಮಾತು ಇದು: ನಮಗೆ ಮೊದಲು ಬೇಕಾದದ್ದು ಅಡುಗೆ ಗ್ಯಾಸ್ ಅಲ್ಲ, ಕುಡಿಯುವ ನೀರು.

1987ರಲ್ಲಿ ಅದೇ ಘಟಕವನ್ನು ಬೇರೆ ರೀತಿಯಲ್ಲಿ ಮತ್ತೆ ಶುರುಮಾಡಿದರು. ಗ್ಯಾಸಿನಿಂದ ಡೀಸೆಲ್ ಎಂಜಿನ್ ಓಡಿಸಿ ವಿದ್ಯುತ್ ತೆಗೆದು, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ನಲ್ಲಿಗಳಿಗೆ ಬಿಟ್ಟರು. ಸಂಜೆ ಮನೆಗಳಿಗೆ ಟ್ಯೂಬ್‌ಲೈಟು. ನೋಡಿಕೊಳ್ಳಲು ಊರಿನದೇ ಗ್ರಾಮ ವಿಕಾಸ ಸಭೆ. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಪೈಸೆಗಳ ಲೆಕ್ಕದಲ್ಲಿ ಹಣ, ಜೊತೆಗೆ ಗ್ಯಾಸ್ ತೆಗೆದ ಮೇಲಿನ ಬಗ್ಗಡ ತಿಪ್ಪೆಗೆ ವಾಪಸ್. ಈ ಸಲ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. ನಮ್ಮ ಹಳ್ಳಿಗಳಲ್ಲಿ ಸಗಣಿ ಬಾಚುವವರು ಯಾರೆಂದು ಗೊತ್ತಿದ್ದವರಿಗೆ ಆ ಚಿಲ್ಲರೆ ಕಾಸಿನ ಮಹತ್ವವೂ ಗೊತ್ತಾಗುತ್ತದೆ. ಹೆಂಗಸು ದಿನಾ ಮಾಡುತ್ತಿದ್ದ, ಯಾರೂ ಕೆಲಸವೆಂದು ಕರೆಯದ ಒಂದು ಕೆಲಸವನ್ನು ಒಬ್ಬರು ತೂಗಿ, ಬರೆದು, ಅದಕ್ಕೆ ಹಣ ಎಣಿಸಿ ಕೊಟ್ಟರು.

ಪುರದ ಕಥೆಯನ್ನು ತಂತ್ರಜ್ಞಾನದ ಸೋಲು, ಆಮೇಲಿನ ಗೆಲುವು ಎಂದು ಸಾಮಾನ್ಯವಾಗಿ ಓದುತ್ತಾರೆ. ನನಗೆ ಕಾಣುವುದು ಬೇರೆ. ನೀರಿಗೆ ಎಷ್ಟು ಹೊತ್ತು ಹೋಗುತ್ತದೆ ಎಂಬ ಅಂಕಿ ಮೊದಲ ಸಮೀಕ್ಷೆಯ ಕಾಗದದಲ್ಲೇ ಇತ್ತು. ಸೌದೆಗೆ ಎರಡೂವರೆ ಗಂಟೆ, ನೀರಿಗೆ ಒಂದೂವರೆ. ಆದ್ದರಿಂದ ಸೌದೆಯೇ ದೊಡ್ಡ ಸಮಸ್ಯೆ ಎಂದು ಅಂಕಿ ಹೇಳುತ್ತದೆ. ಕೊಡ ಹೊತ್ತವರ ಲೆಕ್ಕ ಬೇರೆ. ಸೌದೆಯನ್ನು ಒಂದು ದಿನ ಮುಂದೂಡಬಹುದು, ಪಕ್ಕದ ಮನೆಯಿಂದ ಎರಡು ಕಡ್ಡಿ ತರಬಹುದು, ಜೋಳದ ದಂಟು ಉರಿಸಬಹುದು. ನೀರನ್ನು ಮುಂದೂಡಲಾಗದು. ಕೆರೆಯ ನೀರು ಕುಡಿದು ಮಗುವಿಗೆ ಭೇದಿಯಾದರೆ ರಾತ್ರಿಯೆಲ್ಲ ಎದ್ದಿರುವವಳೂ ಅವಳೇ. ಎಣಿಸುವುದು ಎಷ್ಟು ಮುಖ್ಯವೋ ಕೇಳುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಪುರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದನ್ನು ಮುಚ್ಚಿಡದೆ ಬರೆದವರು ಸ್ವತಃ ಆ ವಿಜ್ಞಾನಿಗಳೇ ಎಂಬುದನ್ನೂ ಹೇಳಬೇಕು. ನಮ್ಮ ಸರ್ಕಾರಿ ವರದಿಗಳಲ್ಲಿ ಅಂಥ ಅಭ್ಯಾಸ ಕಡಿಮೆ.

ಒಲೆಯ ಬಗ್ಗೆಯೂ ಎರಡು ಮಾತು. ಅದೇ ಅಸ್ತ್ರದವರು ರೂಪಿಸಿದ ಚಿಮಣಿಯ 'ಅಸ್ತ್ರ ಒಲೆ' ಕರ್ನಾಟಕದಲ್ಲಿ ಹೆಸರುವಾಸಿ. 1983ರ ಹೊತ್ತಿಗೆ ಕೇಂದ್ರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ಅದು ಸುಮಾರು 2002ರವರೆಗೆ ನಡೆಯಿತು. ಒಲೆ ಒಳ್ಳೆಯದೇ, ಸೌದೆ ಉಳಿಸುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಆದರೆ ಗುರಿ ಮುಟ್ಟುವ ಅವಸರದಲ್ಲಿ ದೇಶದ ಎಷ್ಟೋ ಕಡೆ ಒಲೆ ಕಟ್ಟಿದ ಲೆಕ್ಕವನ್ನು ಇಟ್ಟರು, ಉರಿಯುತ್ತಿರುವ ಒಲೆಯ ಲೆಕ್ಕವನ್ನು ಇಡಲಿಲ್ಲ. ಬಾಯಿ ಚಿಕ್ಕದಾದ ಒಲೆಗೆ ಸೌದೆಯನ್ನು ಸಣ್ಣದಾಗಿ ಸೀಳಬೇಕು, ಸೀಳುವವರು ಯಾರು? ಚಿಮಣಿಯ ಮಸಿ ತೆಗೆಯುವವರು ಯಾರು? ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಹಿಡಿದು ಮೈಭಾರ ಹಾಕಬೇಕು; ಒಲೆ ಅದನ್ನು ತಾಳಬೇಕು. ಇವೆಲ್ಲ ಅಡುಗೆ ಮಾಡುವವರಿಗೆ ಮೊದಲೇ ಗೊತ್ತಿರುವ ವಿಷಯಗಳು. ಅನುಕೂಲವಾಗದ ಹೊಸ ಒಲೆಯನ್ನು ಬದಿಗಿಟ್ಟು ಮೂರು ಕಲ್ಲಿನ ಒಲೆಗೆ ಮರಳಿದವರನ್ನು 'ಅರಿವಿನ ಕೊರತೆ' ಎಂಬ ಎರಡು ಪದದಲ್ಲಿ ಮುಗಿಸುವುದು ವರದಿಗಳ ರೂಢಿ.

ಪುರದಲ್ಲಿ ನಲ್ಲಿಗೆ ನೀರು ಬರುವ ತಯಾರಿ ನಡೆದಿದ್ದ ವರ್ಷವೇ ರಾಜ್ಯದಲ್ಲಿ ಇನ್ನೊಂದು ದೊಡ್ಡ ಘಟನೆ ನಡೆಯಿತು. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ರೂಪಿಸಿ 1985ರಲ್ಲಿ ಜಾರಿಗೆ ತಂದ ಕಾನೂನಿನಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆಯಾಯಿತು. ಮಹಿಳೆಯರಿಗೆ ಶೇ. 25 ಮೀಸಲಾತಿ. ಒಂದೇ ಏಟಿಗೆ ಸುಮಾರು 14 ಸಾವಿರ ಹೆಂಗಸರು ಚುನಾಯಿತ ಸದಸ್ಯರಾದರು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ಆರು ವರ್ಷಗಳ ನಂತರ. ಈ ಕಾನೂನಿನ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. ಕೊಳವೆಬಾವಿ ಮತ್ತು ಮೀಸಲಾತಿ ಎರಡೂ ಒಬ್ಬರೇ ಮಂತ್ರಿಯ ಕಾಲದಲ್ಲಿ ಬಂದದ್ದು ಕಾಕತಾಳೀಯವಿರಬಹುದು. ಹಳ್ಳಿಯ ಹೆಂಗಸರ ನೆನಪಿನಲ್ಲಿ ಮಾತ್ರ ಅವು ಅಂಟಿಕೊಂಡೇ ಇವೆ.

ಹಾಗೆ ಅಂಟಿಕೊಂಡಿದ್ದನ್ನು ನಾನು ಕೇಳಿದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ಆಗ ಮಂಡಲ ಪಂಚಾಯತಿಯ ಸದಸ್ಯೆಯಾಗಿದ್ದ ಒಬ್ಬ ಅಜ್ಜಿಯ ಬಾಯಲ್ಲಿ. ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದರು. ಮೊದಲ ಸಭೆ ಹೇಗಿತ್ತಜ್ಜಿ ಎಂದೆ.

"ಮೀಟಿಂಗಿಗೆ ನಮ್ಮ ಯಜಮಾನ್ರೇ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ ಬಿಟ್ರು ಕಣವ್ವ. ಗಂಡಸ್ರು ಕುರ್ಚಿ ಮೇಲೆ ಕೂತಿದ್ರು. ನಾವು ಹೆಂಗಸ್ರು ಗೋಡೆ ಪಕ್ಕ ನಿಂತ್ಕೊಂಡ್ವಿ. ಬುಕ್ ಕೊಟ್ರು, ಸೈನ್ ಹಾಕುದ್ವಿ, ಬಂದ್ವಿ. ಏನ್ ಬರ್ದಿದ್ರೋ ಯಾರಿಗ್ ಗೊತ್ತು."

ಹೀಗೆ ಎಷ್ಟು ದಿನ ಎಂದು ಕೇಳಿದೆ. ಒಂದು ವರ್ಷದ ಮೇಲೆ ಎಂದರು. ಆಮೇಲೆ ಊರಿಗೆ ಎರಡನೇ ಬೋರ್‌ವೆಲ್ ಮಂಜೂರಾಯಿತಂತೆ. ಜಾಗ ನೋಡಲು ಬಂದವರನ್ನು ಗಂಡಸರು ದೇವಸ್ಥಾನದ ಮುಂದಿನ ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿಂದ ಕೆಳಗಿನ ಕೇರಿಗೆ ಅರ್ಧ ಮೈಲಿ. ಇವರು ಎದ್ದು ಹೋಗಿ ಅಡ್ಡ ನಿಂತರು.

"ನೀರು ಹೊರೋರು ನಾವು, ಜಾಗ ತೋರ್ಸೋರು ನೀವಾ ಅಂದೆ. ಎಲ್ರೂ ಮುಖ ಮುಖ ನೋಡ್ಕೊಂಡ್ರು. ಕೊನೇಗೆ ನಾನ್ ಹೇಳಿದ್ ಜಾಗಕ್ಕೇ ಗಾಡಿ ಬಂತು." ಸ್ವಲ್ಪ ಹೊತ್ತು ಕಡ್ಲೆಕಾಯಿ ಬಿಡಿಸಿ, "ನೀರ್ ಬರ್ದೇ ಇದ್ದಿದ್ರೆ ನನ್ನ ಮಾನ ಹೋಗೋದು. ಬಂತು" ಎಂದು ನಕ್ಕರು.

ಈ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸಿದ್ದು ಆ ಅಜ್ಜಿಯ ಧೈರ್ಯವೊಂದೇ ಅಲ್ಲ. ಧೈರ್ಯ 1987ಕ್ಕೆ ಮೊದಲೂ ಇತ್ತು. ಹಳ್ಳಿಯ ಹೆಂಗಸರು ಬಾಯಿಲ್ಲದವರೆಂದು ತಿಳಿದವರು ಅಲ್ಲಿ ಒಂದು ದಿನವೂ ಇದ್ದವರಲ್ಲ. ಆದರೆ ಮೊದಲಾದರೆ ಅವರು ಅಡ್ಡ ನಿಂತಾಗ ಅದು ಬರಿಯ ಜಗಳವಾಗುತ್ತಿತ್ತು. ಈಗ ಅವರ ಸಹಿ ಬೇಕಿತ್ತು. ಓದದೆ ಹಾಕಿದ ಸಹಿಯೂ ಸಹಿಯೇ, ಅದಕ್ಕೊಂದು ಬೆಲೆ ಇದೆ ಎಂಬುದು ಅವರಿಗೆ ತಿಳಿಯಲು ಒಂದು ವರ್ಷ ಹಿಡಿಯಿತು ಅಷ್ಟೆ. ಹೆಂಡತಿಯ ಬದಲು ಗಂಡ ಆಳುತ್ತಾನೆ ಎಂಬ ಕುಹಕವನ್ನು ನಾವೆಲ್ಲ ಕೇಳಿದ್ದೇವೆ, ಅದು ಸುಳ್ಳೂ ಅಲ್ಲ. ಆ ಕುಹಕ ಆಡುವವರು ಎರಡನೆಯ ವರ್ಷದಲ್ಲಿ ಏನಾಯಿತೆಂದು ನೋಡಲು ಸಾಮಾನ್ಯವಾಗಿ ಮರಳಿ ಹೋಗುವುದಿಲ್ಲ.

ಬೇರೆ ಕಡೆಯ ಪುರಾವೆಯೂ ಇದಕ್ಕೆ ಹೊಂದುತ್ತದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳ ಮೇಲೆ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯತಿಗಳಲ್ಲಿ ಕುಡಿಯುವ ನೀರಿನ ಕೆಲಸಕ್ಕೆ ಹೆಚ್ಚು ಹಣ ಹೋಗಿತ್ತು. ಹೆಂಗಸರು ಮುಂದಿಟ್ಟ ಬೇಡಿಕೆಗಳಲ್ಲೂ ನೀರು ಮುಂದಿತ್ತು. ಆ ಅಧ್ಯಯನಕ್ಕೂ ಪುರಕ್ಕೂ ಯಾವ ಸಂಬಂಧವೂ ಇಲ್ಲ. ಎರಡೂ ಕಡೆ ಎದ್ದು ಬಂದದ್ದು ಮಾತ್ರ ಅದೇ ಕೊಡ.

ಪಂಚಾಯತಿಯ ದಾರಿ ಒಂದಾದರೆ, ಸಂಘದ ದಾರಿ ಇನ್ನೊಂದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಹಾಲೆಂಡಿನ ನೆರವಿನೊಂದಿಗೆ ಕರ್ನಾಟಕ, ಉತ್ತರಪ್ರದೇಶ, ಗುಜರಾತುಗಳಲ್ಲಿ ಆರಂಭವಾಯಿತು. ನಮ್ಮಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ. ಸಹಯೋಗಿನಿಯರು ಹಳ್ಳಿಗೆ ಹೋಗಿ ಸಂಘ ಕಟ್ಟುತ್ತಿದ್ದರು. ಸಂಘದಲ್ಲಿ ಹೆಚ್ಚಿನವರು ದಲಿತ, ಕೂಲಿ ಹೆಂಗಸರು. ಇದರ ವಿಶೇಷವೆಂದರೆ ಮೊದಲೇ ಸಿದ್ಧವಾದ ಸವಲತ್ತಿನ ಪಟ್ಟಿ ಇರಲಿಲ್ಲ. ಎಮ್ಮೆ, ಸಾಲ, ಹೊಲಿಗೆ ಯಂತ್ರ ಯಾವುದನ್ನೂ ಹೊತ್ತು ತರುತ್ತಿರಲಿಲ್ಲ. ಕೂತು ಮಾತಾಡಿ, ಯಾವುದು ಮೊದಲು ಎಂದು ಸಂಘವೇ ಹೇಳಲಿ ಎಂಬುದು ತತ್ವ. ಆದರೆ ಗುರಿ, ಮಂಜೂರಾತಿ, ಖರ್ಚಿನ ಲೆಕ್ಕದಲ್ಲೇ ಪಳಗಿದ ಆಡಳಿತಕ್ಕೆ ಇದನ್ನು ಹೇಗೆ ಅಳೆಯಬೇಕೆಂದೇ ಅರ್ಥವಾಗುವುದು ಕಷ್ಟವಿತ್ತು. 'ಏನು ಸಾಧಿಸಿದಿರಿ' ಎಂಬ ಕಾಲಮಿನಲ್ಲಿ 'ಪೊಲೀಸ್ ಠಾಣೆಗೆ ಹೋಗಿ ಬಂದೆವು' ಎಂದು ಬರೆಯುವುದು ಹೇಗೆ?

ಅಳೆಯಲು ಸುಲಭವಾದದ್ದು ಗೆದ್ದಿತು. ಎಂಬತ್ತರ ದಶಕದ ನಡುವೆ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಉಳಿತಾಯ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಇಂದು ಸಂಘವಿಲ್ಲದ ಊರಿಲ್ಲ. ಹೆಂಗಸರ ಹೆಸರಿನಲ್ಲಿ ಪಾಸ್‌ಬುಕ್ ಬಂದದ್ದು, ಬ್ಯಾಂಕಿನ ಮೆಟ್ಟಿಲು ಹತ್ತಿದ್ದು, ಬಡ್ಡಿ ಸಾಹುಕಾರನ ಕೈ ತಪ್ಪಿದ್ದು ಇವನ್ನೆಲ್ಲ ನಾನು ಕಡಿಮೆ ಎನ್ನಲಾರೆ. ಆದರೂ ವಾರದ ಸಭೆ ಹೆಚ್ಚಿನ ಕಡೆ ಕಂತು ಕಟ್ಟುವ ಸಭೆಯಾಗಿದೆ. ಸಾಲ ಅವಳ ಹೆಸರಿಗೆ, ಖರ್ಚು ಎಷ್ಟೋ ಸಲ ಅವನ ಗಾಡಿಗೆ, ತೀರಿಸುವ ಹೊಣೆ ಮತ್ತೆ ಅವಳಿಗೆ. ಇದರ ಮೇಲೆ ಪೋಲಿಯೋ ಜಾಥಾ, ಶೌಚಾಲಯ ಸಮೀಕ್ಷೆ, ಮಂತ್ರಿಗಳ ಸಮಾವೇಶ ಯಾವುದಿದ್ದರೂ ಸಂಘದವರಿಗೆ ಫೋನು. ಇದಕ್ಕೂ ವರದಿಯಲ್ಲಿ ಹೆಸರು ಪಾಲ್ಗೊಳ್ಳುವಿಕೆಯೇ.

ಹಾಗೆಂದು ಎಲ್ಲವೂ ನಿಂತಲ್ಲೇ ನಿಂತಿದೆ ಎನ್ನುವುದೂ ತಪ್ಪು. ಉದ್ಯೋಗಖಾತ್ರಿ ಕಾಯ್ದೆ ಬಂದಾಗ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಿತು, ಕೆಲಸ ಪಡೆದವರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದಿತು. ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿ ಎಂದು ಎರಡು ದರ ಕೇಳಿಕೊಂಡೇ ಬೆಳೆದ ನಮಗೆ ಇದರ ತೂಕ ಗೊತ್ತು. ಕರ್ನಾಟಕ 2010ರ ತಿದ್ದುಪಡಿಯಿಂದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿತು.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಗ್ರಾಮ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂಬುದು ಅದರ ಮಾರ್ಗಸೂಚಿ. ಜೊತೆಗೆ ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ಕಿಟ್ ಬಳಸಿ ನೀರಿನ ಗುಣಮಟ್ಟ ಪರೀಕ್ಷಿಸುವ ತರಬೇತಿ. ಫ್ಲೋರೈಡಿನ ತೊಂದರೆಯಿರುವ ಪಾವಗಡದಂಥ ತಾಲ್ಲೂಕುಗಳಲ್ಲಿ ಇದು ಬಹಳ ಬೇಕಾದ ಕೆಲಸ. ಕಿಟ್ಟಿನ ಬಣ್ಣ ನೋಡಿ ನೀರು ಒಳ್ಳೆಯದೋ ಕೆಟ್ಟದ್ದೋ ಹೇಳುವ ಹೆಂಗಸರನ್ನು ನಾನೂ ನೋಡಿದ್ದೇನೆ. ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ.

ಅದೇ ಊರಿನಲ್ಲಿ ಬೆಳಿಗ್ಗೆ ಮೋಟರು ಹಾಕುವ, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ವಾಲ್ವ್ ತಿರುಗಿಸುವ ಕೆಲಸ ವಾಟರ್‌ಮ್ಯಾನ್‌ನದು. ಹಳಬರು ಅವನನ್ನು ಈಗಲೂ ನೀರುಗಂಟಿ ಎನ್ನುತ್ತಾರೆ. ಪಂಚಾಯತಿಯಿಂದ ತಿಂಗಳ ಸಂಬಳ ಬರುವ ಕೆಲಸ ಅದು. ನಾನು ಇದುವರೆಗೆ ಸುತ್ತಿದ ಊರುಗಳಲ್ಲಿ ಆ ಕೆಲಸದಲ್ಲಿರುವ ಹೆಂಗಸನ್ನು ಕಂಡಿಲ್ಲ. ಒಂದು ಊರಿನಲ್ಲಿ, ಯಾಕೆ ಹೆಂಗಸರನ್ನು ಹಾಕಿಕೊಳ್ಳಬಾರದು ಎಂದು ಪಂಚಾಯತಿಯವರನ್ನು ಕೇಳಿದೆ. ಬೆಳಗಿನ ಜಾವ ಎದ್ದು ಬರಬೇಕಲ್ಲಮ್ಮ, ಹೆಂಗಸರಿಗೆ ಕಷ್ಟ ಎಂದರು.